ಹಿಮದಲ್ಲಿ ಮಲಗಿದ್ದ ಕೂಸು

...ಅಲ್ಲ ಕಣೇ ಅದಿತಿ, ಇಂಗ್ಲೆಂಡಿನ ಈ ಡರ್ಬಿ ಊರಿನ ಚಳಿ ಒಂದು ಚಳೀನಾ? 'ಇಟ್ಸ್ ಫ್ರೀಜಿಂಗ್ ಅಜ್ಜಿ' ಅಂತೀಯಲ್ಲ, ನೀನು ಹುಟ್ಟಿದ ಊರು ನೋಡಬೇಕಿತ್ತು. ನಾರ್ವೆ ದೇಶದ ಉತ್ತರದ ತುದಿ. ಸಮುದ್ರ ಎರಡು ಬೆಟ್ಟದ ನಡುವೆ ಸಂದಿ ಮಾಡ್ಕೊಂಡು ಒಳಗೆ ಬಂದಿರುತ್ತೆ, ಅದಕ್ಕೆ ಫಿಯೋರ್ಡ್ ಅಂತಾರೆ. ಅದರ ದಡದಲ್ಲಿ ಮೂವತ್ತು ಮನೆ, ಒಂದೇ ಅಂಗಡಿ. ನಿಮ್ಮಪ್ಪಂಗೆ ಅಲ್ಲಿ ನೀರಿಂದ ಕರೆಂಟ್ ತೆಗೆಯೋ ಜಾಗದಲ್ಲಿ ಕೆಲಸ. ನಿಮ್ಮಮ್ಮನ ಬಾಣಂತನಕ್ಕೆ ಅಂತ ನಾನು ಹೋದೆ. ನಾಲ್ಕು ತಿಂಗಳು ಇದ್ದೆ, ಅಲ್ಲಲ್ಲ, ಐದು. ಮೈಸೂರಿಂದ ಅಂಟಿನುಂಡೆ, ಓಮ, ಹರಳೆಣ್ಣೆ ಎಲ್ಲಾ ಹೊತ್ಕೊಂಡು ಹೋದ್ರೆ ನಿಮ್ಮಮ್ಮ ಏನಂದ್ಲು ಗೊತ್ತಾ? "ಅಮ್ಮಾ, ಎಣ್ಣೆ ಹಚ್ಚಬೇಡ, ಇಲ್ಲಿನ ನರ್ಸ್ ಬೇಡ ಅಂದಿದ್ದಾರೆ. ಕಿವಿಗೆ ಹತ್ತಿ ಇಡಬೇಡ. ಹೊಗೆ ಹಾಕಬೇಡ." ಬೇಡ, ಬೇಡ, ಬೇಡ. ಮತ್ತೆ ನಾನ್ಯಾಕೆ ಬಂದೆ, ಹಿಮ ಎಣಿಸೋಕಾ? ಮೈಯೆಲ್ಲಾ ಉರಿದುಹೋಯ್ತು ನಂಗೆ.

ಒಂದಿನ ಹಾಲು ತರೋಣ ಅಂತ ಅಂಗಡಿಗೆ ಹೋದೆ. ಅಂಗಡಿ ನಮ್ಮನೆ ಎದುರೇ. ಬಾಗಿಲ ಹೊರಗೆ ಒಂದು ತಳ್ಳೋ ಗಾಡಿ, ಮೇಲೆ ಹಿಮ ಬೀಳ್ತಾ ಇದೆ, ಬಗ್ಗಿ ನೋಡ್ತೀನಿ, ಒಳಗೆ ಕೂಸು! ಮೂಗಿನ ತುದಿ ಕೆಂಪಗಾಗಿದೆ. ಅಕ್ಕಪಕ್ಕ ಒಂದು ನರಪಿಳ್ಳೆ ಇಲ್ಲ. "ಯಾರದ್ರೀ ಈ ಮಗು?" ಅಂತ ಕೂಗಿದೆ, ಕನ್ನಡದಲ್ಲೇ, ಇನ್ಯಾವ ಭಾಷೇಲಿ ಕೂಗ್ಲಿ? ಒಳಗೆ ಹೋಗಿ ಕೇಳಬೇಕಿತ್ತು, ಒಪ್ಕೋತೀನಿ. ಆದ್ರೆ ಯಾರೋ ಬಿಟ್ಟು ಹೋಗಿದಾರೆ ಅಂದ್ಕೊಂಡೆ ಕಣೇ. ಎತ್ಕೊಂಡೆ, ಶಾಲಲ್ಲಿ ಸುತ್ಕೊಂಡೆ, ಸೀದಾ ಮನೆಗೆ ಬಂದೆ. ನಿಮ್ಮಮ್ಮ ನೋಡಿ ಕಿರುಚ್ಕೊಂಡ್ಲು, "ಅಮ್ಮಾ! ಯಾರ ಮಗು ಇದು?" ಅಷ್ಟರಲ್ಲಿ ರಸ್ತೇಲಿ ಆ ಹೆತ್ತವಳ ಕೂಗು ಕೇಳಿಸ್ತು. ಅಯ್ಯೋ, ಆ ಕೂಗು ಈಗ್ಲೂ ನನ್ನ ಕಿವೀಲಿದೆ.

ಮಗು ವಾಪಸ್ ಕೊಟ್ಟು ಬಂದು ನಿಮ್ಮಮ್ಮ ಅಂತಾಳೆ, "ಇಲ್ಲಿ ಎಲ್ಲರೂ ಮಕ್ಕಳನ್ನ ಹೊರಗೇ ಮಲಗಿಸ್ತಾರಮ್ಮಾ, ಒಳ್ಳೆ ಗಾಳಿ ಅಂತ." ಎಣ್ಣೆ ಬೇಡ ಅಂತ ನೂರು ಸಲ ಹೇಳಿದ ಬಾಯಿಗೆ ಇದೊಂದು ಮಾತು ಹೇಳೋಕೆ ಏನಾಗಿತ್ತು? ಕೇಳಿದೆ. ಅದಕ್ಕವಳು, "ನನ್ನ ಮಗೂನ ನಿನ್ನ ಕೈಗೆ ಕೊಡೋಕೇ ಭಯ ಆಗುತ್ತೆ. ಊರಿಗೆ ಟಿಕೆಟ್ ಮಾಡಿಸ್ತೀನಿ" ಅಂದ್ಲು. ಎಂಟು ದಿನ, ಎಂಟು ದಿನ ಕಣೇ, ನಿನ್ನನ್ನ ನನ್ನ ಮಡಿಲಿಗೆ ಹಾಕ್ಲಿಲ್ಲ. ನೀನು ಅಳ್ತಿದ್ರೆ ನಾನು ಅಡುಗೆಮನೇಲಿ ನಿಂತು ಕೈ ಕೈ ಹಿಸುಕ್ಕೋತಿದ್ದೆ. ಅಷ್ಟು ದೂರ ಹೋಗಿದ್ದು ಅದಕ್ಕಾ?

ಒಂಬತ್ತನೇ ದಿನ ತಡೀಲಾರದೆ ಆ ಹೆತ್ತವಳ ಮನೆಗೆ ಒಬ್ಳೇ ಹೋದೆ. ಭಾಷೆ ಇಲ್ಲ, ಏನಿಲ್ಲ, ಕೈ ಮುಗಿದೆ, ಅಷ್ಟೇ. ಅವಳು ಒಳಗೆ ಕರೆದು ಕಾಫಿ ಕೊಟ್ಲು. ಡಿಕಾಕ್ಷನ್ನೇ, ಹಾಲಿಲ್ಲ, ಥೂ. ಕಿಟಕಿ ಆಚೆ ಕೈ ತೋರಿಸಿದ್ಲು. ಅದೇ ಕೂಸು, ಅದೇ ಗಾಡಿ, ಹಿಮದಲ್ಲೇ! ಓಡಿಹೋಗಿ ಎತ್ಕೋಬೇಕು ಅಂತ ಜೀವ ಎಳೀತಿತ್ತು. ಏಳಲಿಲ್ಲ ನಾನು. ಅರ್ಧ ಗಂಟೆ ಹಲ್ಲು ಕಚ್ಕೊಂಡು ಕೂತೆ. ಕೂಸು ಎದ್ದಾಗ ಅವಳೇ ತಂದು ನನ್ನ ಮಡಿಲಲ್ಲಿ ಹಾಕಿದ್ಲು. ಮುಟ್ಟಿ ನೋಡ್ತೀನಿ, ಬಟ್ಟೆ ಒಳಗೆ ಮೈ ಬೆಚ್ಚಗಿದೆ!

ಮನೆಗೆ ಬಂದು ನಿಮ್ಮಮ್ಮನ ಮುಂದೆ ನಿಂತೆ. "ಅದಿತೀನ ಎತ್ಕೊಳ್ಲಾ?" ಅಂದೆ. ಅದುವರೆಗೂ ಒಂದು ಸಲಾನೂ ಹಾಗೆ ಕೇಳಿರಲಿಲ್ಲ ನಾನು. ನಾನು ಹೆತ್ತ ಮಗಳು, ಅವಳನ್ನೇನು ಕೇಳೋದು ಅಂತ. ಅವಳು ಕಣ್ಣು ತುಂಬ್ಕೊಂಡು ನಿನ್ನನ್ನ ನನ್ನ ಕೈಗಿಟ್ಲು. ಅಷ್ಟೇ ಕಣೇ. ಮಗು ಯಾರದಾದ್ರೂ ಇರ್ಲಿ, ಎತ್ಕೊಳ್ಳೋ ಮುಂಚೆ ಅದರ ತಾಯೀನ ಒಂದು ಮಾತು ಕೇಳಬೇಕು. ಆ ತಾಯಿ ನೀನೇ ಹೆತ್ತ ಮಗಳಾದ್ರೂ ಸರಿ.