ಸೊಪ್ಪಿನ ಔಷಧಿ ಯಾರಿಗೆ

ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಜೊತೆಯಲ್ಲಿದ್ದ ಹಿರಿಯಾಕೆಯನ್ನು ಕೇಳಿದಳು.

"ಯಶೋದಕ್ಕ, ಲಕ್ವಕ್ಕೆ ಸೊಪ್ಪಿನ ಔಸ್ತಿ ಕೊಡ್ತಾರಲ್ಲ, ಅವ್ರ ಊರು ಯಾವ್ದು?"

"ಯಾರ್ಗೆ ಭಾಗ್ಯ?"

"ನಂಗೇ ಕಣಕ್ಕ. ಬೆಳಿಗ್ಗೆ ಹಾಲು ಕರೀತಿದ್ದಾಗ ಬಾಯಿ ಸೊಟ್ಟಗಾಗಿ ಕೈ ಬಿದ್ದೋಯ್ತು. ಒಸಿ ಹೊತ್ಗೆ ಸರಿಯಾಯ್ತು."

"ನಮ್ಮ ಯಜಮಾನ್ರಿಗೂ ಇಂಗೇ ಸರಿಯಾಗಿತ್ತು. ಅದು ಸಣ್ಣ ಸ್ಟ್ರೋಕು, ದೊಡ್ಡದು ಬರೋಕೆ ಮುಂಚೆ ಬರ್ತದೆ ಅಂತ ಡಾಕ್ಟ್ರು ಆಮೇಲೆ ಹೇಳುದ್ರು. ನಾವು ಸೊಪ್ಪು ಅರೀತಾ ಕೂತಿದ್ವಿ. ಎರಡನೇ ಸಲ ಬಿದ್ದೋರು ಏಳ್ಲೇ ಇಲ್ಲ."

"ಆಸ್ಪತ್ರೇಲಿ ಮಲಗಿಸ್ಬುಟ್ರೆ ಸಂಜೆ ಹಸ ಕರೆಯೋರು ಯಾರಕ್ಕ? ಸಾಕಾಗೋಗೈತೆ."

"ನಿನ್ ಗಂಡ ಕರೀಲಿ. ಇಲ್ದಿದ್ರೆ ಕರ ಕುಡ್ಕೊಳ್ಳಲಿ. ಏಳು."

ಭಾಗ್ಯಳ ಊರಿಗೆ ಹೋಗುವ ಸಂತೆಬಾಚಹಳ್ಳಿ ಬಸ್ಸು ಬಂತು. ಭಾಗ್ಯ ಅದರ ಕಡೆ ಒಂದು ಸಲ ನೋಡಿ, ಯಶೋದಮ್ಮನ ತೋಳು ಹಿಡಿದು ಆಸ್ಪತ್ರೆಗೆ ಹೋಗಲು ಆಟೊ ಹತ್ತಿದಳು.