ಪಟಾಲಮ್ಮನ ಕೆಂಪಿನ ಓಲೆ

೧೯೫೮ರ ಒಂದು ಬೆಳಿಗ್ಗೆ ಯಶವಂತಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅದೇ ಬೆಂಚಿನಲ್ಲಿ ಅಬ್ಬಿಗೆರೆಯ ಪಟಾಲಮ್ಮ, ತೀರಿಹೋದ ತಾಯಿಯ ಕೆಂಪಿನ ಓಲೆಗಳನ್ನು ಹರಳು ಕೂರಿಸುವ ಅತಾವುಲ್ಲಾ ಅವರಿಗೆ ತೋರಿಸುತ್ತಿದ್ದರು.

"ಅರಳು ಕಳಚಿ ಮಗಳಿಗೆ ಪದಕ ಮಾಡಿಸ್ಬೇಕು ಸಾಬ್ರೆ. ಎಲ್ಲಾ ಮಾಣಿಕ್ಯನೇ ತಾನೆ?"

ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಹದಿಮೂರು ಮಾಣಿಕ್ಯ ಕಣಮ್ಮ. ಇದೊಂದು ಗಾಜು."

"ಬಣ್ಣ ಒಂದೇ ಐತಲ್ಲ?"

"ಬಣ್ಣ ನಂಬಬಾರ್ದು. ಇದರೊಳಗೆ ಗುಂಡಗೆ ಗಾಳಿಗುಳ್ಳೆ ಇದೆ. ಅಂಚೂ ಸವೆದಿದೆ. ಮಾಣಿಕ್ಯ ಇಷ್ಟು ಸುಲಭಕ್ಕೆ ಸವೆಯಲ್ಲ. ಯಾರೋ ನಿಮ್ಮಮ್ಮನಿಗೆ ಮೋಸ ಮಾಡಿದಾರೆ."

ಪಟಾಲಮ್ಮ ಬಗ್ಗಿ ಆ ಹರಳನ್ನು ಬೆರಳಿನಿಂದ ಮುಟ್ಟಿದರು.

"ಮೋಸ ಅಲ್ಲ ಸಾಬ್ರೆ. ಎಂಟು ವರ್ಸದವಳಿದ್ದಾಗ ಇದನ್ನ ಕದ್ದು ಆಕ್ಕೊಂಡು ಕೆರೆಗೆ ಓಗಿದ್ದೆ. ಒಂದು ಅರಳು ಬಿದ್ದೋಯ್ತು. ಅತ್ತು ಅತ್ತು ಜ್ವರ ಬಂತು. ಆಮೇಲೊಂದಿನ ಅಮ್ಮ, ಕೆರೆ ಏರಿ ಮೇಲೆ ಸಿಕ್ತು ಕಣೇ ಅಂತ ಓಲೆ ತೋರಿಸಿದ್ಲು."

"ಸಿಕ್ಕಿರ್ಲಿಲ್ಲ ಅನ್ನಿ."

"ಇವತ್ತು ಗೊತ್ತಾಯ್ತು. ಸಾಯೋವರ್ಗೂ ಬಾಯಿ ಬಿಡ್ಲಿಲ್ಲ ನೋಡಿ."

"ಆ ಜಾಗಕ್ಕೆ ಒಳ್ಳೇ ಮಾಣಿಕ್ಯ ಕೂರಿಸಿಕೊಡ್ಲಾ?"

"ಬ್ಯಾಡ. ಅಲುಗಾಡ್ತಿದ್ರೆ ಭದ್ರ ಮಾಡ್ಕೊಡಿ, ಸಾಕು."

ಅತಾವುಲ್ಲಾ ಚೀಲದಿಂದ ಪುಟ್ಟ ಚಿಮಟ ತೆಗೆದು ಗಾಜಿನ ಸುತ್ತಲಿನ ಚಿನ್ನವನ್ನು ಮೆಲ್ಲಗೆ ಒತ್ತಿದರು.

"ಮತ್ತೆ ಪದಕ?"

"ಪದಕ ಬ್ಯಾಡ. ಮಗಳಿಗೂ ಇಂಗೇ ಕೊಡ್ತೀನಿ. ಯಾವ್ದು ಗಾಜು ಅಂತ ನೀವೂ ಯಾರ್ಗೂ ಏಳ್ಬ್ಯಾಡಿ."

"ನಾನ್ಯಾಕೆ ಹೇಳ್ಲಮ್ಮ."

ಬಸ್ಸು ಬಂತು. ಪಟಾಲಮ್ಮ ಎರಡೂ ಓಲೆಗಳನ್ನು ಅಲ್ಲೇ ಕಿವಿಗಿಟ್ಟುಕೊಂಡು, ನಗುತ್ತಾ ಹತ್ತಿದರು.