ಡರ್ಬನ್ನಿನಲ್ಲಿ ತುಂಬಿಸಿದ ಡೀಸೆಲ್

ಲೆಸೊಥೊ ದೇಶದ ಬೆಟ್ಟದ ಮೇಲಿನ ನಮ್ಮೂರ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಹಾಕುವ ನನ್ನ ಮುಂದೆ, ವ್ಯಾನ್ ಓಡಿಸುವ ಸೆಖೋನ್ಯಾನ ನಿಂತಿದ್ದ, ಪಕ್ಕದಲ್ಲಿ ಅವನ ವ್ಯಾನಿನಲ್ಲೇ ಡರ್ಬನ್ನಿನಿಂದ ಊರಿಗೆ ಬಂದಿದ್ದ, ಕಂಬಳಿ ಹೊದ್ದ ಲಿಪುವೊ.

"ತಪ್ಪು ನಂದೇ ಅಕ್ಕಾ. ಡರ್ಬನ್ನಲ್ಲೇ ಟ್ಯಾಂಕ್ ತುಂಬಿಸಿಬಿಟ್ಟೆ."

"ಎಲ್ಲಾ ಡೀಸೆಲ್ಲೂ ಒಂದೇ ಅಲ್ವೇನೋ?"

"ಅಲ್ಲಕ್ಕಾ. ಸಮುದ್ರದ ಕಡೇದು ನಮ್ಮ ಚಳೀಲಿ ಮೇಣದ ಹಾಗೆ ಗಟ್ಟಿಯಾಗುತ್ತೆ. ಇಲ್ಲಿ ಮಾರೋದು ಚಳಿಗಾಲಕ್ಕೇ ಮಾಡಿದ್ದು."

"ಗೊತ್ತಿದ್ದೂ ಹಾಕಿಸಿದ್ಯಾ?"

"ಹೇಗೋ ಏರಿಬಿಡುತ್ತೆ ಅಂದ್ಕೊಂಡೆ. ಘಾಟೀಲಿ ವ್ಯಾನ್ ಕೆಟ್ಟು ನಿಂತಾಗ ನನ್ನ ಕಂಬಳೀನೇ ಟ್ಯಾಂಕಿಗೆ ಸುತ್ತಿದೆನಲ್ಲ."

"ನೋಡ್ದೆ, ನಡುಗ್ತಿದ್ದೆ ನೀನು. ನಾನು ಬರೋಷ್ಟರಲ್ಲಿ ಅಮ್ಮನ ಮೇಲೆ ಎಲ್ಲರೂ ಮಣ್ಣು ಹಾಕಿಯಾಗಿತ್ತು."

ಅವನು ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದ.

"ಇವತ್ತು ಹಾಕಿಸಿದ್ದು?"

"ಇಲ್ಲೀದೇ ಅಕ್ಕಾ."

"ಹಾಗಾದ್ರೆ ನಡಿ. ಸಮಾಧಿ ಹತ್ರ ನೀನೂ ಇಳೀಬೇಕು. ಮಗಳು ಯಾಕೆ ಬರಲಿಲ್ಲ ಅಂತ ಅಮ್ಮಂಗೆ ನೀನೇ ಹೇಳು."

ವ್ಯಾನ್ ತಕ್ಷಣ ಚಾಲೂ ಆಯಿತು. ಹೊರಡುವುದಕ್ಕೆ ಮಾತ್ರ ಸೆಖೋನ್ಯಾನನಿಗೆ ಬಹಳ ಹೊತ್ತು ಹಿಡಿಯಿತು.